ರೋಹಿಣಿ ಮಳೆಗೆ ಕೊಟ್ಟ ಮಾತು

ಎಮರ್ಜೆನ್ಸಿ ಮುಗಿದ ಮರುವರ್ಷದ ಮಾತಿದು. ನನ್ನ ಲಗ್ನವಾಗಿ ಆಗ ಎರಡನೆಯ ಬೇಸಿಗೆ. ನನ್ನ ತವರು ಬೆಟಗೇರಿ. ಮನೆಯಲ್ಲಿ ಕೈಮಗ್ಗವಿತ್ತು, ಅಪ್ಪ ಸೀರೆ ನೇಯುತ್ತಿದ್ದರು. ಮಗ್ಗದ ಸದ್ದು ಕೇಳುತ್ತಲೇ ಬೆಳೆದವಳು ನಾನು. ಅಂಥವಳನ್ನು ಮುಂಡರಗಿಯಿಂದ ಕೊರ್ಲಹಳ್ಳಿ ಕಡೆಗೆ ಹೋಗುವ ಹಾದಿಯಲ್ಲಿನ ಒಂದು ಸಣ್ಣ ಊರಿಗೆ ಕೊಟ್ಟರು. ಗಂಡನ ಹೆಸರು ದಾವಲಸಾಬ. ಮನೆಯಲ್ಲಿ ನಾವಿಬ್ಬರು, ಮತ್ತು ನಮ್ಮ ಮಾವ. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ನನ್ನ ಹೆಸರು ಮಾಬೂಬಿ, ಆದರೆ ಆ ಊರಿಗೆ ಕಾಲಿಟ್ಟ ದಿನವೇ ಎಲ್ಲರೂ ಮಾಬವ್ವ ಎಂದು ಕರೆಯತೊಡಗಿದರು. ಮನೆಯೊಳಗೆ ನಾವು ಆಡುವುದು ಉರ್ದು. ಓದಿದ್ದು ಕನ್ನಡ ಶಾಲೆ, ಹೀಗಾಗಿ ಇಲ್ಲಿ ಎಲ್ಲರ ಮಾತನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ.

ನಮಗೆ ಎರಡು ಹೊಲ. ಒಂದು ಎರೆಹೊಲ, ಅದರಲ್ಲಿ ಜೋಳ. ಇನ್ನೊಂದು ಗುಡ್ಡದ ಬುಡದಲ್ಲಿ ಇಳಿಜಾರಾಗಿ ಹಳ್ಳದ ತನಕ ಹಬ್ಬಿದ ಗರಸಿನ ನೆಲ. ಮೇಲೆ ಒಂದು ಗೇಣು ಕೆಂಪು ಮಣ್ಣು, ಕೆಳಗೆ ಬರೀ ಸಣ್ಣ ಕಲ್ಲು, ಹರಳು. ಅದನ್ನೇ ನಮ್ಮ ಕಡೆ ಗರಸು ಎನ್ನುತ್ತಾರೆ. ಅಲ್ಲಿ ಹುಲ್ಲು ಬೆಳೆದರೇ ದೊಡ್ಡದು. ಕಲ್ಲು ಬೆಳೆಯುವ ಹೊಲ ಎಂದು ಮಂದಿ ನಮ್ಮ ಮಾವನನ್ನು ಕಾಡಿಸುತ್ತಿದ್ದರಂತೆ.

ಆ ವರ್ಷ ನಮ್ಮ ಊರಿನ ಹಾದಿಯನ್ನು ಪಕ್ಕಾ ರಸ್ತೆ ಮಾಡುವ ಕೆಲಸ ಶುರುವಾಯಿತು. ರಸ್ತೆಯ ಇಂಜಿನಿಯರ್ ಸಾಹೇಬರು ಗರಸು ಹುಡುಕುತ್ತ ಬಂದವರು ನಮ್ಮ ಹೊಲದಲ್ಲಿ ನಿಂತು, ಒಂದು ಬೊಗಸೆ ಗರಸನ್ನು ಕೈಯಲ್ಲಿ ತಿಕ್ಕಿ ನೋಡಿ, ರಸ್ತೆಗೆ ಇಂಥದ್ದೇ ಬೇಕಿತ್ತು ಎಂದರು. ಆಚಾರ ಸಾಹೇಬರು ಎಂದು ಅವರನ್ನು ಕರೆಯುತ್ತಿದ್ದೆವು. ಲಕ್ಷ್ಮೇಶ್ವರದಲ್ಲಿ ತಲೆತಲಾಂತರದಿಂದ ಗುಡಿಯ ಪೂಜೆ ಮಾಡಿಕೊಂಡು ಬಂದ ಮನೆತನದವರು, ವಯಸ್ಸು ಸಣ್ಣದು. ಗರಸು ತೆಗೆಯುವುದಕ್ಕೆ ಪರವಾನಗಿಯೂ ಸಿಕ್ಕಿತು. ಖಣಿಯ ಕೆಲಸ ನಮ್ಮವರೇ, ಅಂದರೆ ನನ್ನ ಗಂಡನೇ, ನೋಡಿಕೊಳ್ಳುವುದು ಎಂದಾಯಿತು. ಆ ದಿನ ನಮ್ಮ ಮಾವ ಹೊಲಕ್ಕೆ ಹೋಗಿ ಸಂಜೆಯ ತನಕ ಸುಮ್ಮನೆ ಕುಳಿತು ಬಂದರು. ಇಷ್ಟು ವರ್ಷ ಬೈದುಕೊಂಡ ಹೊಲಕ್ಕೆ ಏನು ಹೇಳಬೇಕೋ ತಿಳಿಯಲಿಲ್ಲವಂತೆ.

ಇನ್ನು ನಮ್ಮ ಊರಿನ ನೀರಿನ ವಿಷಯ ಹೇಳಬೇಕು. ಊರ ಬಾವಿಯ ನೀರು ಸವಳು. ಬಟ್ಟೆ, ದನ, ಬಳಕೆಗೆ ಮಾತ್ರ. ಕುಡಿಯುವ ನೀರಿಗೆ ಎಲ್ಲರೂ ಹಳ್ಳಕ್ಕೇ ಬರಬೇಕು. ಬೇಸಿಗೆಯಲ್ಲಿ ಹಳ್ಳ ಹರಿಯುವುದಿಲ್ಲ, ಆದರೆ ಉಸುಕನ್ನು ಮೊಣಕೈ ಆಳ ಬಗೆದರೆ ತಿಳಿನೀರು ಒಸರುತ್ತದೆ. ಅದೇ ಒರತಿ. ಚರಿಗೆಯಿಂದ ಒಂದೊಂದೇ ತುಂಬಿ ಕೊಡಕ್ಕೆ ಹಾಕಬೇಕು. ಒಂದು ಕೊಡ ತುಂಬುವುದರೊಳಗೆ ಇಡೀ ಊರಿನ ಸುದ್ದಿ ತಿಳಿದುಬಿಡುತ್ತದೆ. ಬೆಟಗೇರಿಯಲ್ಲಿ ನಳದ ಮುಂದೆ ಸರದಿಗೆ ನಿಂತು ಜಗಳವಾಡಿದವಳಿಗೆ ಈ ಒರತಿ ಸ್ವರ್ಗದಂತೆ ಕಂಡಿತ್ತು. ತಲೆಯ ಮೇಲೊಂದು, ಟೊಂಕದ ಮೇಲೊಂದು ಕೊಡ ಹೊತ್ತು ದಂಡೆ ಹತ್ತುವುದನ್ನು ನನಗೆ ಕಲಿಸಿದವರು ನೀಲವ್ವ. ನನಗಿಂತ ಇಪ್ಪತ್ತು ವರ್ಷವಾದರೂ ದೊಡ್ಡವರು, ದೊಡ್ಡ ಕುಂಕುಮ, ದೊಡ್ಡ ದನಿ. ನಾನು ಮೊದಲನೇ ದಿನ ಕೊಡ ಜಾರಿಸಿ ಮೈಮೇಲೆ ಸುರುವಿಕೊಂಡಾಗ ಹೊಟ್ಟೆ ಹಿಡಿದುಕೊಂಡು ನಕ್ಕವರೂ ಅವರೇ, ತಮ್ಮ ಕೊಡವನ್ನು ನನ್ನ ತಲೆಗೆ ಹೊರಿಸಿ ಕಳಿಸಿದವರೂ ಅವರೇ. ಅವರನ್ನು ನಾನು ನೀಲಕ್ಕ ಎನ್ನುತ್ತಿದ್ದೆ.

ಊರಿನ ಆ ಒರತಿ ಇದ್ದದ್ದು ನಮ್ಮ ಗರಸಿನ ಹೊಲದ ಕೆಳಗೇ.

ಯುಗಾದಿ ಕಳೆದ ಮೇಲೆ ಖಣಿ ಶುರುವಾಯಿತು. ಗರಸು ಒಯ್ಯುವ ಎತ್ತಿನ ಚಕ್ಕಡಿಗಳು ಬಂದು ಹೋಗುವುದಕ್ಕೆ ಸಲೀಸು ಎಂದು ಹಳ್ಳದ ಬದಿಯಿಂದಲೇ ತೋಡತೊಡಗಿದರು. ಮೇಲಿನ ಕೆಂಪು ಮಣ್ಣನ್ನು ಹೆರೆದು ಹಳ್ಳದ ದಂಡೆಯ ಮೇಲೆಯೇ ಒಟ್ಟಿದರು. ಯಾರಿಗೂ ಅದರಲ್ಲಿ ತಪ್ಪು ಕಾಣಲಿಲ್ಲ, ಸಾಹೇಬರಿಗೂ ಕಾಣಲಿಲ್ಲ. ಖಣಿ ಎಂದರೆ ತೋಡುವುದು, ತುಂಬುವುದು, ಕಳಿಸುವುದು ಎಂದಷ್ಟೇ ನಾವೆಲ್ಲ ತಿಳಿದಿದ್ದೆವು.

ಆಮೇಲೆ ಒಂದು ಸಂಜೆ ಗುಡುಗು ಸಿಡಿಲಿನ ಜೊತೆ ದೊಡ್ಡ ಅಡ್ಡಮಳೆ ಬಂತು. ಮೊದಲ ಮಳೆ ಎಂದು ಎಲ್ಲರಿಗೂ ಖುಷಿ. ನಾನೂ ಅಂಗಳದಲ್ಲಿ ನಿಂತು ತೋಯಿಸಿಕೊಂಡೆ. ಮರುದಿನ ಬೆಳಿಗ್ಗೆ ಹಳ್ಳಕ್ಕೆ ಹೋದರೆ, ಹೆಂಗಸರೆಲ್ಲ ಖಾಲಿ ಕೊಡ ಹಿಡಿದು ನಿಂತಿದ್ದಾರೆ. ಒರತಿ ಇದ್ದ ಜಾಗದಲ್ಲಿ ಕೆಂಪು ಕೆಸರು. ಮಳೆ ಬಂದಾಗ ಹಳ್ಳದ ನೀರು ರಾಡಿಯಾಗುವುದು ಹೊಸದೇನಲ್ಲ. ಉಕ್ಕಿ ಬಂದ ಪೂರ ಇಳಿದ ಮೇಲೆ ಉಸುಕು ಬಗೆದರೆ ಮತ್ತೆ ತಿಳಿನೀರು ಬರುತ್ತಿತ್ತು. ಈ ಸಲ ಹಾಗಾಗಲಿಲ್ಲ. ನಮ್ಮ ಹೊಲದ ನುಣುಪು ಮಣ್ಣು ಉಸುಕಿನ ಮೇಲೆ ಸಾರಿಸಿದಂತೆ ಕುಳಿತುಬಿಟ್ಟಿತ್ತು. ನೀಲಕ್ಕ ಬಗೆದರು. ಬಗೆದಷ್ಟೂ ಕೆಂಪು ನೀರು. ಅದನ್ನು ಚೆಲ್ಲಿ ಮತ್ತೆ ಬಗೆದರು, ಮತ್ತೆ ಅದೇ.

ಕಡೆಗೆ ಕೈ ತೊಳೆದುಕೊಳ್ಳುತ್ತ, "ಮಾಬವ್ವಾ, ಇದು ನಿಮ್ಮ ಹೊಲದ ಮಣ್ಣೈತಿ ನೋಡವಾ" ಎಂದರು. ಸಿಟ್ಟಿರಲಿಲ್ಲ ಆ ದನಿಯಲ್ಲಿ. ಸಿಟ್ಟಿದ್ದಿದ್ದರೆ ನನಗೆ ಅಷ್ಟು ಕೆಡುಕೆನಿಸುತ್ತಿರಲಿಲ್ಲ.

ಆ ದಿನದಿಂದ ಹೆಂಗಸರು ಹಳ್ಳದ ಮೇಲಿನ ತಿರುವಿನ ತನಕ ನಡೆದುಹೋಗಿ ನೀರು ತರಬೇಕಾಯಿತು. ನಾನೂ ಅವರ ಹಿಂದೆ ಹೋಗುತ್ತಿದ್ದೆ. ಯಾರೂ ನನಗೆ ಒಂದು ಮಾತು ಬೈಯಲಿಲ್ಲ. ಆದರೆ ನಾನು ಹೋದ ಕೂಡಲೇ ಮಾತು ನಿಂತುಹೋಗುತ್ತಿತ್ತು. ಚರಿಗೆಯ ಸದ್ದೊಂದೇ. ಮನೆಗೆ ಬಂದು ಹಳೆಯ ಒರತಿಯ ಒಂದು ಚರಿಗೆ ಕೆಂಪು ನೀರನ್ನು ನಮ್ಮವರ ಮುಂದೆ ಇಟ್ಟು, ಇದನ್ನು ಕುಡಿಯಿರಿ ನೋಡೋಣ ಎಂದೆ. ಅವರು ಮಳೆಗಾಲದಲ್ಲಿ ಇದೆಲ್ಲ ಇದ್ದದ್ದೇ ಎಂದು ಹೇಳಲು ಹೊರಟವರು ನನ್ನ ಮುಖ ನೋಡಿ ಚರಿಗೆಯನ್ನು ಬದಿಗೆ ಸರಿಸಿದರು.

ವಾರದೊಳಗೆ ಊರಿನವರು ಶಾಲೆಯ ಮುಂದಿನ ಬೇವಿನ ಗಿಡದ ಕೆಳಗೆ ಸೇರಿದರು. ಗೌಡರು ನಮ್ಮ ಮಾವನ ಗೆಳೆಯರೇ, ಅವರಿಗೂ ಕಷ್ಟವಾಗುತ್ತಿತ್ತು. ಆದರೂ ಊರ ಮಂದಿ ಕೇಳಿದ್ದು ನ್ಯಾಯವಾಗಿಯೇ ಇತ್ತು. ರಸ್ತೆ ಬೇಕು, ಖರೆ. ಆದರೆ ರಸ್ತೆಯಲ್ಲಿ ನಡೆಯುವವರಿಗೆ ಕುಡಿಯಲು ನೀರೂ ಬೇಕಲ್ಲ. ನಾಳೆಯಿಂದ ಚಕ್ಕಡಿ ನಿಲ್ಲಲಿ ಎಂದರು ಹಲವರು. ನಮ್ಮವರು ಎದ್ದು ನಿಂತು ಏನೋ ಹೇಳಲು ಹೋಗಿ ತಡವರಿಸಿದರು. ಇಷ್ಟು ಮಂದಿಯ ಮುಂದೆ ಮಾತನಾಡಿ ರೂಢಿಯಿಲ್ಲದ ಮನುಷ್ಯ. ಹಿಂದೆ ಹೆಂಗಸರ ನಡುವೆ ಕುಳಿತಿದ್ದ ನನಗೆ ಏನಾಯಿತೋ, ಸೆರಗು ತಲೆಯ ಮೇಲೆ ಎಳೆದುಕೊಂಡು ಎದ್ದುನಿಂತೆ.

"ರೋಹಿಣಿ ಮಳಿತನಕ ಗಡುವು ಕೊಡ್ರಿ. ಆ ಮಳಿಗೂ ಒರತಿಯೊಳಗ ಕೆಂಪು ಕೆಸರು ಬಂತಂದ್ರ, ಖಣಿ ನಾವ ಮುಚ್ಚತೇವಿ" ಎಂದೆ.

ಎಲ್ಲರೂ ನಮ್ಮವರ ಕಡೆ ನೋಡಿದರು. ನಿನ್ನ ಹೆಂಡತಿಯ ಮಾತು ನಿನ್ನ ಮಾತೇ ಏನು ಎಂದು ಗೌಡರು ಕೇಳಿದರು. ನಾನು ನೆಲ ನೋಡುತ್ತ ನಿಂತೆ. ನಮ್ಮವರ ದನಿ ಕೇಳಿಸಿತು, "ಹೌದ್ರಿ ಗೌಡ್ರ, ಆಕಿ ಅಂದದ್ದು ನಾ ಅಂದಂಗ."

ಗೌಡರು ಗಡುವಿಗೆ ಒಪ್ಪಿದರು. ಮನೆಯ ತನಕ ನಮ್ಮವರು ದಾಪುಗಾಲು ಹಾಕಿ ಮುಂದೆ ನಡೆದರು. ನಾನು ಹಿಂದೆ ಹಿಂದೆ ನಡೆದೆ, ಇವತ್ತು ನನಗಿದೆ ಎಂದುಕೊಂಡು. ಬಾಗಿಲಿಗೆ ಬಂದ ಮೇಲೆ ತಿರುಗಿ ನಿಂತು, "ಮುಚ್ಚತೇವಿ ಅಂದಿಯಲ್ಲ, ಏನ್ ಹಾಕಿ ಮುಚ್ಚೂದು? ತೋಡಿದ ಗರಸೆಲ್ಲಾ ರಸ್ತಾದ ಮ್ಯಾಲೆ ಹೋಗೇತಿ" ಎಂದರು. ಒಳಗಿನಿಂದ ನಮ್ಮ ಮಾವ ಮೊದಲು ನಕ್ಕರು. ಆಮೇಲೆ ಮೂವರೂ ನಕ್ಕೆವು. ಹೆದರಿಕೆಯೂ ಇತ್ತು, ನಗುವೂ ನಿಲ್ಲಲಿಲ್ಲ.

ಆಚಾರ ಸಾಹೇಬರಿಗೆ ಸಂಗತಿ ತಿಳಿದು ಮರುದಿನವೇ ಸೈಕಲ್ ಹತ್ತಿಕೊಂಡು ಬಂದರು. ಅವರಿಗೂ ಕಸಿವಿಸಿಯಾಗಿತ್ತು. ಹಳ್ಳದ ದಂಡೆಯ ಮೇಲೆ ನಿಂತು ಬಹಳ ಹೊತ್ತು ನೋಡಿದರು. ಗುಡ್ಡದಿಂದ ಇಳಿಯುವ ನೀರು ಯಾವ ದಾರಿಯಲ್ಲಿ ಬರುತ್ತದೆ ಎಂದು ಕೇಳಿದರು. ನಮ್ಮವರು ಒಂದು ಕಡೆ ತೋರಿಸಿದರು, ಮಾವ ಇನ್ನೊಂದು ಕಡೆ. ಆಗ ನಾನು, ಕೇಳುವುದೇಕೆ, ಸುರುವಿಯೇ ನೋಡೋಣ ಎಂದೆ. ಸವಳು ಬಾವಿಯಿಂದ ನೀರು ಹೊತ್ತುಕೊಂಡು ಹೋಗಿ ಹೊಲದ ತಲೆಯ ಮೇಲೆ ಅಲ್ಲಲ್ಲಿ ಸುರುವಿದೆ. ನೀರು ಹೋದ ಕಡೆಗೆಲ್ಲ ಸಾಹೇಬರು ಬೂದಿಯಿಂದ ಗೆರೆ ಎಳೆಯುತ್ತ ಹೋದರು. ಇಳಿಸಂಜೆಗೆ ನೋಡಿದರೆ ಹೊಲದ ತುಂಬ ಬಿಳಿ ಗೆರೆಗಳು. ನಮ್ಮಪ್ಪ ಮಗ್ಗದ ಮೇಲೆ ಉದ್ದೆಳೆಯ ಹಾಸು ಹೂಡದೆ ಎಂದೂ ನೇಯಲು ಕುಳಿತವರಲ್ಲ. ಎಳೆ ಎಲ್ಲಿಂದ ಎಲ್ಲಿಗೆ ಎಂದು ತಿಳಿದ ಮೇಲೆ ಕೈ ತಾನೇ ಓಡುತ್ತದೆ ಎನ್ನುತ್ತಿದ್ದರು. ನಾವು ಹಾಸಿಲ್ಲದೇ ನೇಯಲು ಹೊರಟಿದ್ದೆವು ಎಂದು ನನಗೆ ಆಗ ಹೊಳೆಯಿತು.

ಆಮೇಲಿನ ದಿನಗಳು ನನ್ನ ಆಯುಷ್ಯದಲ್ಲೇ ಅತ್ಯಂತ ದಣಿದ, ಅತ್ಯಂತ ಚೆಂದದ ದಿನಗಳು. ಸಾಹೇಬರು ಹೇಳಿದಂತೆ ಗುಡ್ಡದ ನೀರು ಖಣಿಗೆ ಇಳಿಯದ ಹಾಗೆ ಮೇಲ್ಗಡೆ ಅಡ್ಡವಾಗಿ ಒಂದು ಕಾಲುವೆ ತೋಡಿದೆವು. ಕಾಲುವೆಯ ಮಣ್ಣನ್ನೇ ಕೆಳಬದಿಗೆ ಒಡ್ಡು ಮಾಡಿದೆವು. ಗುಡ್ಡದ ನೀರು ಖಣಿಯನ್ನು ಸುತ್ತಿಕೊಂಡು ಹೋಗಿ, ಬೀಳು ಬಿದ್ದ ಹುಲ್ಲಿನ ನೆಲದ ಮೇಲೆ ಹಾಯ್ದು, ನಿಧಾನವಾಗಿ ಹಳ್ಳ ಸೇರಬೇಕು. ಹಳ್ಳದ ಬದಿಗೆ ತೋಡುವುದನ್ನು ನಿಲ್ಲಿಸಿದೆವು. ಅಲ್ಲಿ ದಂಡೆ ಹಾಗೆಯೇ ಎತ್ತರಕ್ಕೆ ಇರಲಿ ಎಂದು ಬಿಟ್ಟು, ಕೆಟ್ಟುಹೋದ ಕಡೆ ಕಲ್ಲು ಹೊಂದಿಸಿದೆವು. ಖಣಿಯ ನೆಲ ಗುಡ್ಡದ ಕಡೆಗೇ ವಾಲುವಂತೆ ತೋಡಿದರು. ಒಳಗೆ ಬಿದ್ದ ಮಳೆ ಒಳಗೇ ನಿಂತು ತಿಳಿಯಾಗಲಿ, ಹೊರಗೆ ಬರುವುದೇ ಬೇಡ ಎಂದು. ಕೆಂಪು ಮಣ್ಣಿನ ಗುಂಪಿಯನ್ನು ಹಳ್ಳದ ದಂಡೆಯಿಂದ ಎತ್ತಿ ದೂರ ಒಯ್ದು ಹಾಕಿ, ಮೇಲೆ ಕರಿಕೆ ಹುಲ್ಲಿನ ಬೇರು ನೆಟ್ಟೆವು. ಕೆಲಸ ಮುಗಿದ ಮೇಲೆ ಅದೇ ಮಣ್ಣನ್ನು ತಿರುಗಿ ಹೊಲದ ಮೇಲೆ ಹಾಸುವುದಿತ್ತು. ಚಕ್ಕಡಿಗಳ ದಾರಿ ಈಗ ಸುತ್ತುಬಳಸಿ ಆಯಿತು. ಚಕ್ಕಡಿಯವರು ಗೊಣಗಿದರು. ಎತ್ತುಗಳಿಗೆ ಇಳಿಜಾರು ಕಡಿಮೆಯಾಯಿತಲ್ಲ ಎಂದು ನಮ್ಮ ಮಾವ ಅವರನ್ನು ಸಮಾಧಾನ ಮಾಡುತ್ತಿದ್ದರು.

ಹೊಸ ದಾರಿಯ ನಟ್ಟನಡುವೆ ಒಂದು ಟಿಟ್ಟಿಭ ಹಕ್ಕಿ ಮೊಟ್ಟೆ ಇಟ್ಟುಬಿಟ್ಟಿತ್ತು. ಗೂಡೂ ಇಲ್ಲ, ಏನೂ ಇಲ್ಲ, ಹರಳಿನ ನಡುವೆ ಹರಳಿನದೇ ಬಣ್ಣದ ಮೊಟ್ಟೆ. ನಮ್ಮ ಮಾವ ಇನ್ನೇನು ತುಳಿಯಬೇಕು, ಅಷ್ಟರಲ್ಲಿ ಹಕ್ಕಿ ಅವರ ರುಮಾಲಿಗೇ ಹಾರಿಬಂತು. ಮಾವ ಹಿಂದಕ್ಕೆ ಸರಿದು ಕೈಮುಗಿದರು. "ಈ ಹೊಲದ ಖರೆ ಮಾಲಕಿ ಈಕಿನ ನೋಡು. ನಾವು ಪಾಲಿಗೆ ಮಾಡೋರು" ಎಂದು ತಾವೇ ಸುತ್ತಲೂ ಕಲ್ಲಿಟ್ಟು, ಚಕ್ಕಡಿಗಳು ಬಳಸಿ ಹೋಗುವಂತೆ ಮಾಡಿದರು. ಮರಿಗಳಾಗಿ ಓಡಾಡುವ ತನಕ ಆ ಹಕ್ಕಿ ಚಕ್ಕಡಿ ಬಂದಾಗಲೊಮ್ಮೆ ನಮ್ಮನ್ನೆಲ್ಲ ಬೈಯುತ್ತಲೇ ಇತ್ತು. ಸಾಹೇಬರು ಬಂದರೆ ಇನ್ನೂ ಜೋರು.

ನೀಲಕ್ಕ ಒಮ್ಮೆ ಬಂದರು. ಏನು ಮಾಡುತ್ತಿದ್ದೇವೆ ಎಂದು ನೋಡಿಕೊಂಡು ಹೋಗಲು ಹೆಂಗಸರು ಅವರನ್ನು ಕಳಿಸಿದ್ದರು. ಖಣಿಯ ಸುತ್ತ ನಡೆದಾಡಿದರು, ಒಡ್ಡನ್ನು ಕಾಲಿನಿಂದ ಒತ್ತಿ ನೋಡಿದರು. ಮಳೆ ಬರಲಿ, ತಿಳಿಯುತ್ತದೆ ಎಂದು ಹೋದರು. ಅವರ ಬೆನ್ನು ನೋಡುತ್ತ ನಿಂತಾಗ ನನಗೆ ಖಣಿಗಿಂತ, ರಸ್ತೆಗಿಂತ, ಬೆಳಗಿನ ಹೊತ್ತು ಅವರ ಜೊತೆ ಕುಳಿತು ಮಾತನಾಡುವುದು ತಪ್ಪಿಹೋದದ್ದೇ ದೊಡ್ಡ ನಷ್ಟವೆನಿಸಿತು.

ಮೇ ಕೊನೆಗೆ ರೋಹಿಣಿ ನಕ್ಷತ್ರ ಹುಟ್ಟಿದ ಮೇಲೆ ದಿನಾಲೂ ಮುಗಿಲು ನೋಡುವುದೇ ಕೆಲಸ. ಬರಲಿ ಎಂದು ಒಮ್ಮೆ, ಇನ್ನೆರಡು ದಿನ ತಡವಾಗಲಿ ಎಂದು ಇನ್ನೊಮ್ಮೆ ಅನಿಸುತ್ತಿತ್ತು. ಒಂದು ಮಧ್ಯಾಹ್ನ ಗುಡ್ಡದ ಹಿಂದಿನಿಂದ ಕಪ್ಪು ಮೋಡ ಎದ್ದಿತು. ಗಾಳಿ ಬಿಟ್ಟಿತು, ಹಿಂದೆಯೇ ಮಳೆ. ನಾನು ಒಲೆಯ ಮೇಲಿನ ಸಾರು ಇಳಿಸಿ ಹಾಗೇ ಓಡಿದೆ. ನಮ್ಮವರೂ ಮಾವನೂ ಅಲ್ಲಾಗಲೇ ಸಲಿಕೆ ಹಿಡಿದು ನಿಂತಿದ್ದರು. ಸ್ವಲ್ಪ ಹೊತ್ತಿಗೆ ನೋಡಿದರೆ ಊರಿಗೆ ಊರೇ ಬರುತ್ತಿದೆ. ಹೆಂಗಸರು ತಲೆಯ ಮೇಲೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು, ಗೌಡರು ಕೊಡೆ ಹಿಡಿದುಕೊಂಡು. ಯಾರು ಗೆಲ್ಲುತ್ತಾರೋ ನೋಡಬೇಕೆಂದು ಕುಸ್ತಿಗೆ ಬಂದಂತೆ ಬಂದಿದ್ದರು.

ಮೊದಲು ಎಲ್ಲವೂ ನಾವು ಅಂದುಕೊಂಡ ಹಾಗೆಯೇ ನಡೆಯಿತು. ಗುಡ್ಡದ ನೀರು ಕಾಲುವೆಗೆ ಇಳಿದು, ಖಣಿಯನ್ನು ಬಳಸಿ, ಹುಲ್ಲಿನ ನೆಲದ ಕಡೆ ಹರಿಯಿತು. ಖಣಿಯ ಒಳಗೆ ಬಿದ್ದ ಮಳೆ ಅಲ್ಲೇ ಮೂಲೆಯಲ್ಲಿ ಹೊಂಡವಾಗಿ ನಿಂತಿತು. ನಮ್ಮವರು ನನ್ನ ಕಡೆ ನೋಡಿ ಒಂಚೂರು ನಕ್ಕರು. ಅಷ್ಟರಲ್ಲೇ ಕಾಲುವೆ ತಿರುಗುವ ಕಡೆ, ಜಾಲಿಗಿಡದ ಪಕ್ಕ, ಒಡ್ಡು ಕುಸಿಯಿತು. ಹೊಸ ಮಣ್ಣು, ನೀರಿನ ಒತ್ತಡ ತಡೆಯಲಿಲ್ಲ. ಒಂದು ಮೊಳದ ಕಿಂಡಿ ನೋಡನೋಡುತ್ತ ಎರಡು ಮೊಳವಾಯಿತು. ಗುಡ್ಡದ ನೀರೆಲ್ಲ ಅಲ್ಲಿಂದ ಖಣಿಗೆ ಧುಮುಕತೊಡಗಿತು. ಖಣಿ ತುಂಬಿದರೆ ಕೆಳದಂಡೆಯ ಮೇಲಿಂದ ಉಕ್ಕಿ, ಕೆಸರನ್ನೆಲ್ಲ ಎತ್ತಿಕೊಂಡು ಸೀದಾ ಒರತಿಗೇ ಹೋಗುತ್ತದೆ. ನಮ್ಮವರು ಸಲಿಕೆಯಿಂದ ಹಾಕಿದ ಮಣ್ಣು ಬಿದ್ದ ಕ್ಷಣವೇ ತೊಳೆದುಹೋಗುತ್ತಿತ್ತು. ಕಲ್ಲು ತರಲು ಗಂಡಸರು ಓಡಿದರು, ಆದರೆ ಕಲ್ಲಿನ ರಾಶಿ ಇದ್ದದ್ದು ಖಣಿಯ ಆಚೆಬದಿಗೆ.

ನಾನು ಕಿಂಡಿಯ ಮುಂದೆ ಬರಿಗೈಯಲ್ಲಿ ನಿಂತಿದ್ದೆ. ಹಿಂದಿನಿಂದ ಯಾರೋ ನನ್ನನ್ನು ಬದಿಗೆ ಸರಿಸಿದರು. ನೀಲಕ್ಕ. ತಲೆಯ ಮೇಲಿನ ಕೊಪ್ಪೆ ತೆಗೆದು ಕಿಂಡಿಗೆ ಒಡ್ಡಿ, ಸೀರೆ ಮೊಣಕಾಲಿಗೆ ಎತ್ತಿ ಕಟ್ಟಿ, ಆ ಹರಿಯುವ ನೀರಿನಲ್ಲಿ ಬೆನ್ನು ಕೊಟ್ಟು ಕುಳಿತೇಬಿಟ್ಟರು. ನೀರು ಅವರ ಭುಜದ ಮೇಲೆ ಚಿಮ್ಮಿತು.

"ನಿಂತು ಏನ್ ನೋಡ್ತೀರಿ, ಬರ್ರೆವಾ, ಕುಂಡರ್ರಿ" ಎಂದರು, ಮನೆಗೆ ಬಂದ ಬೀಗರನ್ನು ಕರೆದಂತೆ.

ನಾನು ಅವರ ಪಕ್ಕಕ್ಕೆ ಕುಳಿತೆ. ನನ್ನ ಪಕ್ಕಕ್ಕೆ ಇನ್ನೊಬ್ಬರು, ಆ ಕಡೆ ಮತ್ತೊಬ್ಬರು. ಭುಜಕ್ಕೆ ಭುಜ ಹಚ್ಚಿ, ಕೈಗೆ ಕೈ ಹಾಕಿ, ಕಿಂಡಿಯ ಅಗಲಕ್ಕೂ ಹೆಂಗಸರೇ. ಬೆನ್ನಿಗೆ ಗುಡ್ಡದ ನೀರು ಹೊಡೆಯುತ್ತಿತ್ತು, ಮೈ ಕೊರೆಯುವ ಥಂಡಿ. ಮುಂದೆ ನೀರು ನಿಂತೇ ಹೋಯಿತು ಎನ್ನುವಷ್ಟು ಕಡಿಮೆಯಾಯಿತು. ನಮ್ಮ ಸಾಲಿನ ಕೊನೆಗಿದ್ದವಳೊಬ್ಬಳು, ಪಂಕ್ತಿಗೆ ಕುಳಿತಂತಾಯಿತು, ಬಡಿಸುವವರೇ ಬರಲಿಲ್ಲವಲ್ಲ ಎಂದಳು. ನೀಲಕ್ಕ ನಕ್ಕರು. ಅವರ ನಗು ನನ್ನ ಭುಜದೊಳಗೆ ಇಳಿದು, ನಾನೂ ನಕ್ಕು, ಅದು ಸಾಲಿನುದ್ದಕ್ಕೂ ಹೋಯಿತು. ಕಲ್ಲು ಹೊತ್ತು ಬಂದ ಗಂಡಸರು ನೋಡಿದ್ದು ಅದನ್ನೇ. ಕೆಸರಿನಲ್ಲಿ ಕುಳಿತು ಅಳುವಂತೆ ನಗುತ್ತಿರುವ ಹೆಂಗಸರ ಸಾಲು.

ಆಮೇಲೆ ಯಾರೂ ನೋಡುವುದಕ್ಕೆ ನಿಲ್ಲಲಿಲ್ಲ. ಗೌಡರ ಕೊಡೆ ಗಾಳಿಗೆ ತಿರುವುಮುರುವಾಗಿ ಹಾರಿಹೋಗಿತ್ತು, ಅವರೂ ಕಲ್ಲು ಹೊತ್ತರು. ನಮ್ಮ ಬೆನ್ನ ಹಿಂದೆ ಒಂದರ ಮೇಲೊಂದು ಕಲ್ಲು ಹೊಂದಿಸಿ, ಸಂದಿಗೆ ಜಾಲಿಯ ಟೊಂಗೆ ತುರುಕಿ, ಚೀಲಗಳಲ್ಲಿ ಗರಸು ತುಂಬಿ ಇಟ್ಟರು. ಒಡ್ಡು ಗಟ್ಟಿಯಾದ ಮೇಲೆ ನಮ್ಮನ್ನು ಒಬ್ಬೊಬ್ಬರನ್ನೇ ಕೈಹಿಡಿದು ಎಬ್ಬಿಸಿದರು. ಕಾಲು ಜೋಮು ಹಿಡಿದು ನನಗೆ ನಿಲ್ಲಲೂ ಬರಲಿಲ್ಲ. ಖಣಿ ಮುಕ್ಕಾಲು ತುಂಬಿತ್ತು, ಉಕ್ಕಿರಲಿಲ್ಲ. ಮಳೆಯೂ ನಿಧಾನವಾಗಿ ಇಳಿಯಿತು.

ಆದರೆ ಮಾತು ಇದ್ದದ್ದು ಒರತಿಯದು. ಮರುದಿನ ಬೆಳಿಗ್ಗೆ ಹಳ್ಳದ ಪೂರ ಇಳಿದಿತ್ತು. ನಾನು ಕೊಡ ತೆಗೆದುಕೊಂಡು ಹೋದೆ. ನಿನ್ನೆ ಜೊತೆಗೆ ಕುಳಿತು ನಕ್ಕವರೇ ಆದರೂ ನೀರು ಕೆಂಪಾಗಿದ್ದರೆ ಕೆಂಪೇ, ಅದಕ್ಕೆ ಯಾರಿಗೇನು ಮಾಡಲು ಬರುತ್ತದೆ. ನಮ್ಮವರು, ಮಾವ, ಗೌಡರು ದಂಡೆಯ ಮೇಲೆ ನಿಂತರು. ಆಚಾರ ಸಾಹೇಬರೂ ಬಂದಿದ್ದರು, ಪ್ಯಾಂಟು ಮೊಣಕಾಲಿನ ತನಕ ಕೆಸರು. ನೀಲಕ್ಕ ಹಳೆಯ ಒರತಿಯ ಜಾಗದಲ್ಲಿ ಕುಕ್ಕರಗಾಲಲ್ಲಿ ಕುಳಿತು ಉಸುಕು ಬಗೆಯತೊಡಗಿದರು. ಹಿಂದಿನ ಕೆಂಪು ಪದರವನ್ನು ಪೂರ ಕೊಚ್ಚಿಕೊಂಡು ಹೋಗಿತ್ತು. ಮೇಲೆ ಹಳ್ಳದ ಕರಿ ರಾಡಿ ತೆಳ್ಳಗೆ ಇತ್ತು. ಅದರ ಕೆಳಗೆ ಬಿಳಿ ಉಸುಕು. ಇನ್ನೂ ಬಗೆದರು. ಉಸುಕು ಹಸಿಯಾಯಿತು, ತಳದಲ್ಲಿ ನೀರು ಕೂಡಿತು, ಮೊದಲು ಬೂದು ಬಣ್ಣಕ್ಕೆ. ಅದನ್ನು ಚೆಲ್ಲಿದರು. ಮತ್ತೆ ಕೂಡಿತು. ಅದನ್ನೂ ಚೆಲ್ಲಿದರು. ಮೂರನೆಯ ಸಲ ಕೂಡಿದ ನೀರಿನಲ್ಲಿ ಅವರ ಕೈಬಳೆಯ ಹಸಿರು ಬಣ್ಣ ಕಾಣಿಸಿತು.

ಅವರು ಒಂದು ಚರಿಗೆ ತುಂಬಿ ಎದ್ದರು. ಎಲ್ಲರೂ ಅವರು ಕುಡಿಯುತ್ತಾರೆ ಎಂದುಕೊಂಡೆವು. ಅವರು ನನ್ನ ಮುಂದೆ ಬಂದು ನಿಂತು, "ಕೈ ಒಡ್ಡು" ಎಂದರು. ಬೊಗಸೆ ಮಾಡಿದೆ. ಎತ್ತರದಿಂದ ನೀರು ಹೊಯ್ದರು. ನಾನು ಕುಡಿದೆ. ಕುಡಿಯುವಾಗ ಏನು ರುಚಿ ಇತ್ತೋ ತಿಳಿಯಲಿಲ್ಲ, ಯಾಕೆಂದರೆ ಕಣ್ಣೀರೂ ಅದರಲ್ಲೇ ಸೇರುತ್ತಿತ್ತು. ಆಮೇಲೆ ಉಳಿದ ನೀರನ್ನು ತಾವು ಕುಡಿದು, ಬಾಯಿ ಒರೆಸಿಕೊಂಡು, ದಂಡೆಯ ಕಡೆ ತಿರುಗಿ, ಚಕ್ಕಡಿ ಹೂಡಿರಿ ಎಂದು ನಮ್ಮವರಿಗೆ ಕೂಗಿ ಹೇಳಿದರು. ನಮ್ಮ ಮಾವ ಅಲ್ಲಿಯೇ ಹಸಿ ದಂಡೆಯ ಮೇಲೆ ಕುಳಿತು ರುಮಾಲು ಬಿಚ್ಚಿ ಮುಖ ಮುಚ್ಚಿಕೊಂಡರು. ಆ ದಿನ ನೀರು ತುಂಬುವುದಕ್ಕೆ ಬಿಸಿಲೇರುವ ತನಕ ಹೊತ್ತು ಹಿಡಿಯಿತು. ಆಡದೇ ಉಳಿದ ಮಾತೆಲ್ಲ ಅಷ್ಟು ದಿನದ್ದು ಇತ್ತಲ್ಲ.

ರಸ್ತೆ ಮುಂದಿನ ವರ್ಷ ಮುಗಿಯಿತು. ಮೊದಲ ಬಸ್ಸು ಬಂದ ದಿನ ಹೆಂಗಸರೆಲ್ಲ ಸೇರಿ ಮುಂಡರಗಿ ಸಂತೆಗೆ ಹೋಗಿ, ಏನೂ ಕೊಳ್ಳದೆ, ಬರೀ ಬಸ್ಸಿನಲ್ಲಿ ಕುಳಿತದ್ದೇ ಸಂತೋಷವೆಂದು ತಿರುಗಿ ಬಂದೆವು. ಖಣಿಯ ಕಡಿದಾದ ಬದಿಗಳನ್ನು ದನಕರು ಇಳಿದು ಹತ್ತಿಬರುವಂತೆ ಓರೆಯಾಗಿ ಕಡಿದು, ಎತ್ತಿಟ್ಟ ಕೆಂಪು ಮಣ್ಣನ್ನು ತಿರುಗಿ ಹಾಸಿದೆವು. ಆಚಾರ ಸಾಹೇಬರಿಗೆ ಶಿರಹಟ್ಟಿ ಕಡೆಗೆ ವರ್ಗವಾಯಿತು. ಅಲ್ಲಿ ಹೊಸ ಖಣಿ ತೆಗೆಯುವಾಗ ಮೊದಲು ಕೊಡದಲ್ಲಿ ನೀರು ತರಿಸಿ ಗುಡ್ಡದ ಮೇಲೆ ಸುರುವಿಸುತ್ತಾರಂತೆ, ಮಂದಿ ಏನು ಪೂಜೆ ಇದು ಎಂದು ಕೇಳುತ್ತಾರಂತೆ ಎಂದು ನಮ್ಮವರಿಗೆ ಯಾರೋ ಹೇಳಿದರು. ನಮ್ಮ ಖಣಿಯ ತಗ್ಗಿನಲ್ಲಿ ಈಗಲೂ ಮಳೆಗಾಲದಲ್ಲಿ ನೀರು ನಿಲ್ಲುತ್ತದೆ. ಅದರಿಂದಲೇ ಬೇಸಿಗೆಯಲ್ಲಿ ಒರತಿ ಮೊದಲಿಗಿಂತ ಹೆಚ್ಚು ದಿನ ನಿಲ್ಲುತ್ತಿದೆ ಎಂದು ನಮ್ಮ ಮಾವ ಕಡೆಯ ತನಕ ವಾದ ಮಾಡುತ್ತಿದ್ದರು. ಇರಬಹುದು, ಇಲ್ಲದಿರಬಹುದು. ನನಗೆ ಅಷ್ಟು ತಿಳಿಯುವುದಿಲ್ಲ.

ಇದೆಲ್ಲ ನಡೆದು ಈಗ ಹತ್ತು ವರ್ಷ ದಾಟಿದೆ. ಹೋದ ಬೇಸಿಗೆಯಲ್ಲಿ ಒಂದು ದಿನ ನೀಲಕ್ಕನ ಜೊತೆ ಕುಳಿತಿದ್ದಾಗ, ಇಷ್ಟು ವರ್ಷ ಮನಸ್ಸಿನಲ್ಲೇ ಇಟ್ಟುಕೊಂಡದ್ದನ್ನು ಕೇಳಿಬಿಟ್ಟೆ. ಆ ದಿನ ಸುಮ್ಮನೆ ನೋಡುತ್ತ ನಿಂತಿದ್ದರೆ ಸಾಕಿತ್ತು, ಖಣಿ ತಾನೇ ಮುಚ್ಚುತ್ತಿತ್ತು, ಊರು ಕೇಳಿದ್ದೂ ಅದನ್ನೇ. ಮತ್ತೆ ಯಾಕೆ ಹೋಗಿ ಆ ನೀರಿಗೆ ಬೆನ್ನು ಕೊಟ್ಟು ಕುಳಿತಿರಿ ಎಂದೆ.

ಅವರು ಎಲೆಗೆ ಸುಣ್ಣ ಹಚ್ಚುತ್ತಿದ್ದವರು ತಲೆ ಎತ್ತದೆ ಹೇಳಿದರು, "ನೀವು ಸೋತಿದ್ರ ನೀ ನಾಚಿಕಿಗೆ ಒರತಿಗೆ ಬರೂದ ಬಿಡತಿದ್ದಿ. ಆಮ್ಯಾಲೆ ನಾ ಯಾರ ಜೋಡಿ ಮಾತಾಡಬೇಕಿತ್ತು?"

ನಾನು ಅವರ ಕೈಯಿಂದ ಎಲೆ ತೆಗೆದುಕೊಂಡು ಬಾಯಿಗೆ ಹಾಕಿಕೊಂಡೆ. ನಾನೊಬ್ಬಳೇ ಅವರನ್ನು ಕಳೆದುಕೊಳ್ಳುತ್ತೇನೆಂದು ಹೆದರಿದ್ದೆ ಎಂದುಕೊಂಡಿದ್ದೆ. ಅವರೂ ಹೆದರಿದ್ದರು ಎಂದು ತಿಳಿಯಲು ಇಷ್ಟು ವರ್ಷ ಬೇಕಾಯಿತು. ಅದು ತಿಳಿದ ದಿನ ಮನೆಗೆ ನಡೆದು ಬರುವಾಗ, ಹೊಸದಾಗಿ ಲಗ್ನವಾಗಿ ಬಂದವಳಂತೆ ದಾರಿಯುದ್ದಕ್ಕೂ ನನ್ನಷ್ಟಕ್ಕೆ ನಗುತ್ತ ಬಂದೆ.